ಹಾಲು ಬೀಳುವ ಜಾಗ

ಊರಿನಲ್ಲಿರುವುದು ಉಯ್ಯಾಲೆ ಕಂಬವೂ ಆಗಿರಬಹುದಲ್ಲ ಎಂಬ ಯೋಚನೆ ರಮಾಳಿಗೆ ಬಂದದ್ದು ಬಸ್ಸು ಸಂಡೂರು ದಾಟಿ ಬಂಡ್ರಿಯ ದಾರಿ ಹಿಡಿದ ಮೇಲೆ. ಬೆಳಿಗ್ಗೆ ಹೊಸಪೇಟೆಯಲ್ಲಿ ಬಸ್ಸು ಹತ್ತುವಾಗ ಅನುಮಾನವೇ ಇರಲಿಲ್ಲ. ಎರಡು ಕಲ್ಲಿನ ಕಂಬ, ಅವುಗಳ ತಲೆಯ ಮೇಲೆ ಅಡ್ಡಲಾಗಿ ಒಂದು ಕಲ್ಲಿನ ತೊಲೆ. ಉಯ್ಯಾಲೆಗೆ ಇನ್ನೇನು ಬೇಕು? ತಹಶೀಲ್ದಾರರು ಇವತ್ತು ಊರಿಗೆ ಬಂದು, ಕಂಬಗಳ ಮುಂದೆ ನಿಂತು, ಇದೊಂದೇ ಪ್ರಶ್ನೆ ಕೇಳಿದರೆ ತಾನು ಬಾಯಿ ಬಿಡುವಂತಿಲ್ಲ. ಊರ ಪಕ್ಕದ ತಗ್ಗು ಬರೀ ಪಾಳು ಭೂಮಿಯಲ್ಲ, ಹಳೆಯ ಕೆರೆಯ ಅಂಗಳ, ಅಲ್ಲಿ ಅದಿರಿನ ರಾಶಿ ಹಾಕಲು ಬಿಡಬಾರದು ಎಂದು ಅವಳು ಬರೆದುಕೊಟ್ಟ ತಕರಾರಿನಲ್ಲಿ ‘ಇರಬಹುದು’ ಎಂಬ ಪದ ಒಂದು ಕಡೆಯೂ ಇರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುವ ಶೈಲಜಾ ಮೇಡಂ ಅದನ್ನು ಓದಿದ್ದರೆ ಮೊದಲ ಸಾಲಿನ ಕೆಳಗೇ ಗೆರೆ ಎಳೆದು, ನಿನಗೆ ಹೇಗೆ ಗೊತ್ತು ಎಂದು ಬರೆಯುತ್ತಿದ್ದರು. ಅವರು ಎಲ್ಲರ ಉತ್ತರ ಪತ್ರಿಕೆಗಳಲ್ಲೂ ಬರೆಯುತ್ತಿದ್ದದ್ದು ಅಷ್ಟೇ. ಎದುರಿನಿಂದ ಟಿಪ್ಪರುಗಳ ಸಾಲು ಬಂದು ಬಸ್ಸು ರಸ್ತೆ ಬಿಟ್ಟು ಕೆಳಗಿಳಿಯಿತು. ಕಿಟಕಿಯ ಗಾಜು ಏರಿಸುವಷ್ಟರಲ್ಲಿ ಕೆಂಪು ಧೂಳು ಒಳಗೆ ಬಂದು ಅವಳ ಬಿಳಿ ವೇಲಿನ ಮೇಲೆ ಕೂತಿತ್ತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಏನು ಓದುತ್ತೀ ಎಂದು ಕೇಳಿದಳು. ರಮಾ ಎಂ.ಎ. ಎಂದಳು. ಯಾವುದರಲ್ಲಿ ಎಂದು ಹೇಳಲಿಲ್ಲ.

ಕಂಪ್ಲಿಯಿಂದ ಹೆಣ್ಣು ನೋಡಲು ಬಂದವರಿಗೆ ಅವಳು ಇತಿಹಾಸ ಎಂದು ಹೇಳಿದ್ದಳು. ಹುಡುಗ ಅದಿರಿನ ಲಾರಿಗಳನ್ನು ತೂಗುವ ವೇಬ್ರಿಜ್‌ನಲ್ಲಿ ಸೂಪರ್‌ವೈಸರ್, ಕೈಗೆ ದಪ್ಪನೆಯ ಕಡಗ, ಒಳ್ಳೆಯವನ ಹಾಗೆಯೇ ಕಾಣುತ್ತಿದ್ದ. ಅವನ ಸೋದರತ್ತೆ ಮಂಡಾಳು ಒಗ್ಗರಣೆ ತಿನ್ನುತ್ತ, “ಹಿಸ್ಟ್ರಿ ಅಂದ್ರ ಸತ್ತೋರ ಸುದ್ದಿ, ಹೌದಿಲ್ಲೋ? ನಮಗ ಬದುಕಿದ್ದೋರ ಸುದ್ದೀನ ಸಾಕಾಗಿ ಹೋಗೈತವ್ವ” ಎಂದಿದ್ದಳು. ಮನೆಯೆಲ್ಲ ನಕ್ಕಿತು. ಅಣ್ಣ ಪಂಪೇಶ ನಕ್ಕ, ಅಪ್ಪ ಉಚ್ಚೆಂಗೆಪ್ಪ ನಕ್ಕ, ರಮಾಳೂ ನಕ್ಕಳು. ತಾನೂ ನಕ್ಕದ್ದೇ ಆಮೇಲೆ ತಿಂಗಳುಗಟ್ಟಲೆ ಚುಚ್ಚಿತು. ಸಂಬಂಧ ಯಾಕೋ ಮುಂದುವರಿಯಲಿಲ್ಲ. ಊರಿನಲ್ಲಿ ಓದುವ ವಯಸ್ಸಿನ ಹುಡುಗರೆಲ್ಲ ಗಣಿಯ ಹಾದಿ ಹಿಡಿದಿದ್ದರು. ಅವಳ ತರಗತಿಯಲ್ಲೇ ಅರ್ಧ ಬೆಂಚುಗಳು ಖಾಲಿ. ಜೊತೆಗೆ ಸೇರಿದ್ದ ಗಾದಿಗನೂರಿನ ಹುಡುಗ ಎರಡನೆಯ ಸೆಮಿಸ್ಟರ್‌ಗೆ ಬರಲೇ ಇಲ್ಲ, ಲಾರಿಗಳಿಗೆ ಪರ್ಮಿಟ್ ಬರೆಸುವ ಕೆಲಸ ಸಿಕ್ಕಿತ್ತು. ಅವನು ಸಿಕ್ಕಾಗಲೆಲ್ಲ, ಇನ್ನೂ ಓದ್ತಿದ್ದೀಯೇನು ಎಂದು ಕೇಳುತ್ತಿದ್ದ, ಜ್ವರ ಇನ್ನೂ ಬಿಟ್ಟಿಲ್ಲವೇ ಎಂದು ಕೇಳುವವರ ಧ್ವನಿಯಲ್ಲಿ. ಅವಳ ಫೀಸು, ಹಾಸ್ಟೆಲಿನ ಊಟ, ಇವತ್ತಿನ ಬಸ್ಸಿನ ಟಿಕೆಟ್ಟು ಎಲ್ಲ ಪಂಪೇಶನ ಟಿಪ್ಪರಿನಿಂದಲೇ ಬರುತ್ತಿದ್ದವು. ತಗ್ಗಿನಲ್ಲಿ ಅದಿರಿನ ರಾಶಿ ಬಿದ್ದರೆ ಅವನಿಗೆ ಖಾಯಂ ಬಾಡಿಗೆ ಕೊಡುವುದಾಗಿ ಗುತ್ತಿಗೆದಾರ ಶಂಭುಲಿಂಗಪ್ಪ ಮಾತು ಕೊಟ್ಟಿದ್ದ. ಅಣ್ಣ ಕಟ್ಟಿದ ಫೀಸಿನಿಂದ ಕಲಿತದ್ದನ್ನು ಅಣ್ಣನ ಬಾಡಿಗೆಯ ವಿರುದ್ಧ ತಿರುಗಿಸಿದ್ದೇನೆ ಎಂದು ಎಷ್ಟೋ ಸಲ ಅನ್ನಿಸಿ, ತಕರಾರು ವಾಪಸು ತೆಗೆದುಕೊಳ್ಳಲು ಒಮ್ಮೆ ಸಂಡೂರಿನ ಕಚೇರಿಯ ಮೆಟ್ಟಿಲವರೆಗೂ ಹೋಗಿದ್ದಳು. ಬಾಗಿಲ ಬಳಿ ಕುಡಿಯುವ ನೀರಿನ ಡ್ರಮ್ಮಿತ್ತು. ಲೋಟವನ್ನು ಬಗ್ಗಿಸಿ ನೋಡಿದಳು, ತಳದಲ್ಲಿ ಕೆಂಪು ಗಸಿ. ಹಿಂದಿನ ವರ್ಷ ಪಕ್ಕದ ಊರಿನಲ್ಲಿ ರಾಶಿ ಹಾಕಿದ ಮೇಲೆ ಬಂದ ಮೊದಲ ಮಳೆಗೆ ಅಲ್ಲಿಯ ಬಾವಿಯ ನೀರು ಇದೇ ಬಣ್ಣಕ್ಕೆ ತಿರುಗಿತ್ತು. ತಮ್ಮ ಕೇರಿಗಿರುವುದು ಒಂದೇ ಬಾವಿ, ಅದಿರುವುದು ತಗ್ಗಿನ ಕೆಳಗೆ. ಅವಳು ಲೋಟ ಇಟ್ಟು ಬಸ್‌ಸ್ಟ್ಯಾಂಡಿಗೆ ನಡೆದಿದ್ದಳು.

ಬಸ್ಸು ಇಳಿದಾಗ ಬಿಸಿಲು ಏರಿತ್ತು. ಜೋಡುಗಲ್ಲು ಎಂಬ ಅವರ ಹಳ್ಳಿಗೆ ಹೆಸರು ಬಂದದ್ದೇ ಆ ಎರಡು ಕಂಬಗಳಿಂದ. ಎರಡು ಗುಡ್ಡಗಳ ನಡುವೆ ಎತ್ತರದ ಮಣ್ಣಿನ ರಸ್ತೆ, ಅದರ ಮೇಲೆ ಲಾರಿಗಳು. ರಸ್ತೆಯ ಒಂದು ಮಗ್ಗುಲಿಗೆ ಜಾಲಿ ಬೆಳೆದ ದೊಡ್ಡ ತಗ್ಗು, ಇನ್ನೊಂದು ಮಗ್ಗುಲಿಗೆ ಹೊಲ, ಬಾವಿ, ಕೇರಿ. ತಗ್ಗಿನೊಳಗೆ, ರಸ್ತೆಯ ಬುಡದಿಂದ ತುಸು ದೂರದಲ್ಲಿ ಆ ಕಂಬಗಳು. ಹಿರಿಯದು ಅಕ್ಕ, ಒಂದು ಗೇಣು ಗಿಡ್ಡನೆಯದು ತಂಗಿ, ಎರಡೂ ಸೇರಿ ಊರಿಗೆ ಅಕ್ಕದೇರು. ಗಿಡ್ಡವಾದ ಕಡೆ ಒಂದು ಚಪ್ಪಡಿ ಸೇರಿಸಿ ತೊಲೆಯನ್ನು ಮಟ್ಟ ಮಾಡಿದ್ದರು. ಆ ತೊಲೆಯ ನಡುವೆ ಮೇಲಿಂದ ಕೆಳಕ್ಕೆ ಕೊರೆದ ದುಂಡನೆಯ ತೂತು. ಮಕ್ಕಳಾಗದವರು, ಮಗುವಿಗೆ ಬಾಲಗ್ರಹವಾದವರು ಪಕ್ಕದ ಕಲ್ಲಿನ ಮೇಲೆ ಹತ್ತಿ ನಿಂತು ಆ ತೂತಿನಲ್ಲಿ ಹಾಲು ಹುಯ್ಯುತ್ತಾರೆ. ಹಾಲು ಕೆಳಗೆ ನೆಲಕ್ಕೆ ಬಿದ್ದು ಹರಡುತ್ತದೆ, ನಾಯಿಗಳು ಬಂದು ನೆಕ್ಕುತ್ತವೆ. ಕಂಬಗಳನ್ನು ತೊಳೆದು ಅರಿಶಿನ ಹಚ್ಚುವ ಹಕ್ಕು ಅವರ ಕೇರಿಯ ಹೆಂಗಸರದು, ಈಗ ಅವಳ ತಾಯಿ ಬಸಕ್ಕನದು. ಎಂಟು ವರ್ಷದವಳಿದ್ದಾಗ ರಮಾ ತೂತಿನ ಕೆಳಗೆ ಬಾಯಿ ತೆರೆದು ನಿಂತು ಹಾಲು ಕುಡಿದು ಬೆನ್ನಿಗೆ ಗುದ್ದು ತಿಂದಿದ್ದಳು. ಅದೇ ಬೆನ್ನು ಹೋದ ಬೇಸಿಗೆಯಲ್ಲಿ, ಕಮಲಾಪುರದ ಆಚೆಯ ಒಂದು ಸಣ್ಣ ಕೆರೆಯ ಏರಿಯ ಮೇಲೆ, ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ತಣ್ಣಗಾಗಿತ್ತು. ಶೈಲಜಾ ಮೇಡಂ ಹಂಪಿಯ ಗುಡಿಗಳನ್ನು ಬಿಟ್ಟು ಅವತ್ತು ಹುಡುಗರನ್ನು ಕೆರೆ ಕಾಲುವೆಗಳ ಕಡೆ ತಿರುಗಿಸಿದ್ದರು. ಗುಡಿ ಯಾರು ಕಟ್ಟಿಸಿದರು ಅಂತ ಎಲ್ಲರೂ ಕೇಳ್ತಾರೆ, ಈ ಊರು ಏನು ಕುಡಿದು ಬದುಕಿತ್ತು ಅಂತ ಕೇಳ್ರಿ ಎನ್ನುತ್ತಿದ್ದರು. ಏರಿಯ ಕೆಳಗೆ, ಮಂಡಿಯುದ್ದದ ನೀರಿನಲ್ಲಿ, ಅಕ್ಕ ತಂಗಿ ನಿಂತಿದ್ದರು. ಅರಿಶಿನವಿಲ್ಲ, ಕುಂಕುಮವಿಲ್ಲ, ಮೇಲೊಂದು ಕೊಕ್ಕರೆ. ಎರಡು ಕಂಬ, ತೊಲೆ, ತೊಲೆಯಲ್ಲಿ ತೂತು. ಇದು ತೂಬು, ಆ ತೂತಿನಲ್ಲಿ ಉದ್ದನೆಯ ಗಳ ಇಳಿಬಿಟ್ಟು ಕೆಳಗಿನ ಕಂಡಿಗೆ ಬೆಣೆ ಹಾಕುತ್ತಿದ್ದರು, ಗಳ ಎತ್ತಿದರೆ ಏರಿಯ ಅಡಿಯಿಂದ ನೀರು ಹೊಲಕ್ಕೆ ಹೋಗುತ್ತಿತ್ತು ಎಂದು ಮೇಡಂ ವಿವರಿಸುತ್ತಿದ್ದರು. ಉಳಿದವರು ಬರೆದುಕೊಂಡರು. ರಮಾ ಬರೆಯಲಿಲ್ಲ. ತಾಯಿಯನ್ನು ಯಾರೋ ತುಂಬಿದ ಬಸ್ಸಿನಲ್ಲಿ ಹೆಸರು ಹಿಡಿದು ಕರೆದಂತಾಗಿ ನಾಚಿಕೆಯೋ ಭಯವೋ ತಿಳಿಯದೆ ನಿಂತಿದ್ದಳು.

ತಾಯಿಗೆ ಅದನ್ನು ಹೇಳಲು ಅವಳಿಗೆ ಬಹಳ ದಿನ ಹಿಡಿಯಿತು. ಹೇಳಿದ್ದು ತಪ್ಪಾಗಿ. ಅವ್ವಾ, ಅವು ದೇವರಲ್ಲ, ತೂಬು ಎಂದುಬಿಟ್ಟಳು. ಬಸಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಆ ವಾರವೇ ಶಂಭುಲಿಂಗಪ್ಪ ಬಂದು ಕೇರಿಯ ಕಟ್ಟೆಯ ಮೇಲೆ ಕೂತು, ಯಾವತ್ತೂ ಅಲ್ಲಿ ಕೂರದವನು ಚಹಾ ಕುಡಿದು, ಅಕ್ಕ ತಂಗಿ ಬಿಸಿಲಿನಲ್ಲಿ ನಿಂತಿರುವುದು ಊರಿಗೆ ಶ್ರೇಯಸ್ಸಲ್ಲ, ರಸ್ತೆಯ ಪಕ್ಕ ಟೈಲ್ಸ್ ಹಾಕಿದ ಗುಡಿ ಕಟ್ಟಿಸಿ ಕಂಬಗಳನ್ನು ಅಲ್ಲಿಗೆ ಸಾಗಿಸುತ್ತೇನೆ ಎಂದಿದ್ದ. ಬಸಕ್ಕ ಒಪ್ಪಿದ್ದಳು. ಒಪ್ಪದಿರಲು ಕಾರಣವೇನಿತ್ತು? ಅವಳ ದೇವರಿಗೆ ಯಾರೂ ಯಾವತ್ತೂ ನೆರಳು ಕೊಡುತ್ತೇನೆ ಎಂದಿರಲಿಲ್ಲ. ಕಂಬ ಎತ್ತಿದರೆ ಅದು ಕೆರೆ ಎನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಹೋಗುತ್ತದೆ ಎಂದು ರಮಾ ಹೇಳಹೊರಟರೆ, “ನಾ ಸತ್ತ ಮ್ಯಾಲ ನೀ ಬಂದು ಅರಿಶಿಣ ಹಚ್ಚಾಕಿ ಅಲ್ಲ. ನೆಳ್ಳಾದ್ರೂ ಇರ್ಲಿ ಬಿಡು” ಎಂದು ತಾಯಿ ಬಾಗಿಲ ಕಡೆ ಮುಖ ತಿರುಗಿಸಿದ್ದಳು.

ಈಗ ಆ ತಾಯಿ ಕಂಬಗಳ ಬಳಿ ಹಾಲಿನ ಚೊಂಬು ಹಿಡಿದು ನಿಂತಿದ್ದಳು, ದೇವರನ್ನು ಕದಲಿಸುವ ಮೊದಲು ಹುಯ್ಯಬೇಕಾದ ಹಾಲು. ಸುತ್ತ ಊರು ನೆರೆದಿತ್ತು. ಪಂಪೇಶ ರಸ್ತೆಯ ಅಂಚಿಗೆ ಟಿಪ್ಪರ್ ನಿಲ್ಲಿಸಿ ಅದರ ಬಾನೆಟ್ಟಿಗೆ ಒರಗಿದ್ದ, ತಂಗಿಯನ್ನು ನೋಡಿಯೂ ಕೆಳಗಿಳಿಯಲಿಲ್ಲ. ತಹಶೀಲ್ದಾರರು ಬಂದವರು ಯಾರ ಕುರ್ಚಿಯಲ್ಲೂ ಕೂರದೆ ನೇರ ಕಂಬಗಳ ಸುತ್ತ ಒಂದು ಸುತ್ತು ಬಂದರು. ಶಂಭುಲಿಂಗಪ್ಪ ಅವರ ಹಿಂದೆಯೇ ನಡೆಯುತ್ತ, ಹಂಪಿಯಲ್ಲಿ ರಾಜರು ತುಲಾಭಾರ ಮಾಡಿಸಿಕೊಳ್ಳುತ್ತಿದ್ದ ಕಂಬಗಳಿವೆ, ಇವೂ ಅಂಥವೇ, ಯಾರೋ ಪಾಳೆಯಗಾರರದ್ದು, ಊರವರು ದೇವರು ಮಾಡಿಕೊಂಡಿದ್ದಾರೆ, ಕೆರೆ ಗಿರೆ ಏನೂ ಇಲ್ಲ, ದಾಖಲೆಯಲ್ಲೂ ಇಲ್ಲ ಎಂದು ವಿವರಿಸಿದ. ದನಿಯಲ್ಲಿ ಸಿಟ್ಟಿರಲಿಲ್ಲ. ತಹಶೀಲ್ದಾರರು ರಮಾಳ ಕಡೆ ತಿರುಗಿದರು. ಅವಳು ಬಸ್ಸಿನಿಂದ ಹೊತ್ತುಕೊಂಡು ಬಂದಿದ್ದ ಪ್ರಶ್ನೆಯೇ ಅವರ ಬಾಯಿಂದ ಬಂತು. “ಉಯ್ಯಾಲೆ ಕಂಬ ಯಾಕಾಗಿರಬಾರದಮ್ಮ?”

ಜನ ಕಾದರು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಕಂಪ್ಲಿಯ ಹೆಂಗಸಿನ ಬಾಯಿಗೆ ಅಂಟಿದ್ದ ಮಂಡಾಳಿನ ಕಾಳು ನೆನಪಾಯಿತು. ನಿನಗೆ ಹೇಗೆ ಗೊತ್ತು, ನಿನಗೆ ಹೇಗೆ ಗೊತ್ತು ಎಂದು ಮೇಡಂ ಬರೆಯುತ್ತಿದ್ದದ್ದು ಅವಮಾನ ಮಾಡಲಿಕ್ಕೆ ಅಂತ ಅವಳು ಮೊದಲ ವರ್ಷ ಪೂರ್ತಿ ತಿಳಿದಿದ್ದಳು. ಗೊತ್ತಿಲ್ಲ ಎಂದು ಬರೆದರೆ ಅಂಕ ಹೋಗುತ್ತದೆಯೇ ಎಂದು ಕೇಳಿದಾಗ ಮೇಡಂ, ಗೊತ್ತಿಲ್ಲ ಅಂತ ಬರೆದು ಅಲ್ಲಿಗೇ ನಿಲ್ಲಿಸಿದರೆ ಹೋಗುತ್ತದೆ, ಗೊತ್ತು ಮಾಡಿಕೊಳ್ಳೋದು ಹೇಗೆ ಅಂತ ಮುಂದಿನ ಸಾಲು ಬರೆ ಎಂದಿದ್ದರು. ಮುಂದಿನ ಸಾಲು. ಅವಳು ತೊಲೆಯ ತೂತಿನ ಕಡೆ ನೋಡಿದಳು. ಉಯ್ಯಾಲೆಗೆ ಎರಡು ಕಡೆ ಕೊಂಡಿ ಬೇಕು. ತುಲಾಭಾರಕ್ಕೂ ತೂಗುಹಾಕುವ ಕೊಂಡಿಗಳು ಬೇಕು, ಅದೂ ತೊಲೆಯ ತಳದಲ್ಲಿ. ಇಲ್ಲಿರುವುದು ನಡುವೆ, ಮೇಲಿಂದ ಕೆಳಕ್ಕೆ ಕೊರೆದ ಒಂದೇ ತೂತು. ಇಷ್ಟನ್ನು ಹೇಳಬಹುದು. ಹೇಳಿದರೆ ಶಂಭುಲಿಂಗಪ್ಪ ಇನ್ನೊಂದು ಕಥೆ ಹೇಳುತ್ತಾನೆ, ಕಥೆಗೆ ಕಥೆ. ಅವಳಿಗೆ ತಟ್ಟನೆ ಹೊಳೆದದ್ದು ಬೇರೆ. ತಾನು ಹೇಳುವ ಮಾತಿಗೂ ಅವನು ಹೇಳುವ ಮಾತಿಗೂ ಇರುವ ವ್ಯತ್ಯಾಸ ಒಂದೇ, ತನ್ನ ಮಾತನ್ನು ಪರೀಕ್ಷಿಸಿ ನೋಡಬಹುದು, ಅದು ಸುಳ್ಳಾಗಲೂ ಸಾಧ್ಯ.

“ಆಗಿರಬಹುದು ಸರ್,” ಎಂದಳು. ದನಿ ತಾನಂದುಕೊಂಡದ್ದಕ್ಕಿಂತ ಗಟ್ಟಿಯಾಗಿತ್ತು. “ಉಯ್ಯಾಲಿ ಆದ್ರ ಇದರ ಕೆಳಗ ಏನೂ ಇರೂದಿಲ್ಲ. ತೂಬು ಆದ್ರ ಈ ತೂತಿನ ನೆಟ್ಟಗ ಕೆಳಗ, ಹೂಳಿನಾಗ, ಒಂದು ಹಾಸುಗಲ್ಲು, ಅದರಾಗ ಇಂಥಾದ್ದ ಇನ್ನೊಂದು ತೂತು ಇರಬೇಕು. ಅಗದು ನೋಡ್ರಿ. ಇಲ್ಲಂದ್ರ ಕಂಬ ಎತ್ಕೊಂಡು ಹೋಗ್ಲಿ, ನಾ ಬಾಯಿ ಬಿಡೂದಿಲ್ಲ.”

ತಹಶೀಲ್ದಾರರಿಗೆ ಅದು ಇಷ್ಟವಾದಂತೆ ಕಂಡಿತು, ಕೈಗಡಿಯಾರ ನೋಡಿ ಅಗೆಯಿರಿ ಎಂದರು. ಯಾರೂ ಮುಂದೆ ಬರಲಿಲ್ಲ. ದೇವರ ಬುಡಕ್ಕೆ ಗುದ್ದಲಿ ಹಾಕುವವರು ಯಾರು? ಎಲ್ಲರೂ ಬಸಕ್ಕನನ್ನು ನೋಡಿದರು. ಬಸಕ್ಕ ಚೊಂಬನ್ನು ಎದೆಗೆ ಒತ್ತಿಕೊಂಡಿದ್ದಳು. ರಮಾಳಿಗೆ ಆ ಹೊತ್ತು ತಾಯಿಯ ಮುಖ ನೋಡಲು ಆಗಲಿಲ್ಲ, ಅವಳ ಕಾಲಿನ ಬಿರುಕುಗಳನ್ನು ನೋಡಿದಳು, ಅವುಗಳೊಳಗೂ ಕೆಂಪು ಧೂಳು. ಶಂಭುಲಿಂಗಪ್ಪ ಮೆಲ್ಲಗೆ, ಸಮಾಧಾನ ಮಾಡುವವನ ಹಾಗೆ ಹೇಳಿದ. “ಬ್ಯಾಡವಾ ಬಸಕ್ಕ. ಹುಡುಗಿ ಓದಿ ಓದಿ ತೆಲಿ ಕೆಡಿಸ್ಕೊಂಡೈತಿ. ಅದರ ಮಾತು ಕೇಳಿ ಅಕ್ಕದೇರ ಬುಡ ಕೆದರಬ್ಯಾಡ.”

ಬಸಕ್ಕ ಅವನನ್ನು ನೋಡಿದಳು. “ಅದು ಅಂತೀರೇನ್ರಿ ಗೌಡ್ರ ನನ್ನ ಮಗಳನ್ನ?” ಎಂದಳು. ಆಮೇಲೆ ಗಂಡನ ಕಡೆ ತಿರುಗಿ, “ಹಿಡಿ ಗುದ್ಲಿ” ಎಂದಳು.

ರಮಾ ವೇಲಿನ ಅಂಚಿನಿಂದ ಎಳೆದ ದಾರಕ್ಕೆ ಕಲ್ಲು ಕಟ್ಟಿ ತೂತಿನಲ್ಲಿ ಇಳಿಬಿಟ್ಟಳು. ಕಲ್ಲು ತೂಗಿ ತೂಗಿ ನಿಂತದ್ದು ಹಾಲು ಬಿದ್ದು ಬಿದ್ದು ನೆಲ ಕಪ್ಪಾಗಿದ್ದ ಜಾಗದ ಮೇಲೆ. ಉಚ್ಚೆಂಗೆಪ್ಪ ಅಲ್ಲಿಗೆ ಮೊದಲ ಗುದ್ದಲಿ ಹಾಕಿದ, ಕೇರಿಯ ಇನ್ನಿಬ್ಬರು ಕೈಗೂಡಿಸಿದರು. ಮೇಲಿನ ಪದರ ಪೂರ್ತಿ ಕೆಂಪು, ಲಾರಿಗಳು ಬಂದ ಮೇಲಿನ ಧೂಳು. ಅದರ ಕೆಳಗೆ ಕಲ್ಲು ಬೆರೆತ ಮಣ್ಣು. ಗುದ್ದಲಿ ಠಣ್ ಎಂದಾಗಲೆಲ್ಲ ಅವಳು ಬಗ್ಗಿ ನೋಡುತ್ತಿದ್ದಳು, ಬರೀ ಗರಸು. ಮಂಡಿಯಾಳ ಹೋಯಿತು. ಇಲ್ಲದಿದ್ದರೆ? ಇಲ್ಲದಿದ್ದರೆ ಸಂಜೆಯ ಬಸ್ಸಿಗೆ ಹೋಗುವುದು, ಹಾಸ್ಟೆಲಿನ ಮಂಚದ ಮೇಲೆ ಮಲಗುವುದು, ಮುಂದಿನ ಸಲ ಯಾರಾದರೂ ಏನು ಓದುತ್ತೀ ಎಂದರೆ ಎಂ.ಎ. ಎನ್ನುವುದು. ನೆರೆದವರಲ್ಲಿ ಕೆಲವರು ಜಾಲಿಯ ನೆರಳಿಗೆ ಸರಿದು ಬೀಡಿ ಹಚ್ಚಿದರು, ಒಬ್ಬ, ರಾಯರ ಬಂಗಾರ ಸಿಕ್ಕರ ನನಗೂ ಒಂದು ಪಾಲು ಇಡ್ರಪ್ಪ ಎಂದ. ಆಗ ಮಣ್ಣಿನ ಬಣ್ಣ ತಿರುಗಿತು. ಅಪ್ಪ ಎತ್ತಿ ಹಾಕಿದ ಹೆಂಟೆ ಕಪ್ಪಗಿತ್ತು, ಬೆಣ್ಣೆಯ ಹಾಗೆ ನುಣ್ಣಗೆ ಸೀಳಿತ್ತು, ಆ ಸೀಳಿನಲ್ಲಿ ಬಿಳಿಯ ಚುಕ್ಕೆಗಳು. ರಮಾ ಕುಕ್ಕರುಗಾಲಲ್ಲಿ ಕೂತು ಒಂದನ್ನು ಉಗುರಿನಿಂದ ಬಿಡಿಸಿದಳು. ಬಸವನಹುಳುವಿನ ಚಿಪ್ಪು. ಇನ್ನೊಂದು. ಇನ್ನೊಂದು. ಜೋಳದ ಕಾಳಿನಷ್ಟು, ಖಾಲಿ, ನೀರಿನಲ್ಲಿ ಮಾತ್ರ ಬದುಕುವ ಜಾತಿಯವು. ಅವಳು ಅಂಗೈ ಚಾಚಿ ತಹಶೀಲ್ದಾರರಿಗೆ ತೋರಿಸಿದಳು, ಏನು ಹೇಳಿದಳೋ ಅವಳಿಗೇ ನೆನಪಿಲ್ಲ. ಯಾವ ರಾಜ, ಯಾವ ಇಸವಿ, ಯಾವುದೂ ಆ ಅಂಗೈಯಲ್ಲಿ ಇರಲಿಲ್ಲ. ಇಲ್ಲಿ ನೀರಿತ್ತು, ಅಷ್ಟೇ. ಬಹಳ ಕಾಲ ಇತ್ತು, ನಿಂತಿತ್ತು. ಸತ್ತವರ ಸುದ್ದಿ ಎಂದರೆ ಇಷ್ಟು ಹಗುರ, ಇಷ್ಟು ಖಚಿತ ಎಂದು ಕಂಪ್ಲಿಯವರಿಗೆ ಹೇಳಬೇಕೆನಿಸಿತು. ನಗಬೇಕೆನಿಸಿತು, ಈ ಸಲ ತನ್ನದೇ ನಗು.

ಸೊಂಟದಾಳದಲ್ಲಿ ಗುದ್ದಲಿ ಮತ್ತೆ ಕಲ್ಲಿಗೆ ತಾಗಿತು, ಅದು ಗರಸಿನ ಸದ್ದಲ್ಲ. ಕೈಯಿಂದ ಬಳಿದರು. ಹಾಸುಗಲ್ಲು, ನುಣ್ಣಗೆ ಕಡೆದದ್ದು. ಅದರ ನಡುವೆ ಕಪ್ಪು ಮಣ್ಣು ಗಿಡಿದು ತುಂಬಿದ ಒಂದು ವರ್ತುಲ. ಅಪ್ಪನೂ ಉಳಿದಿಬ್ಬರೂ ಕೆದಕಿದರು, ಮಣ್ಣು ಕಿತ್ತು ಬರಲಿಲ್ಲ, ಬರೀ ಗುಳಿ ಇರಬೇಕು ಎಂದ ಶಂಭುಲಿಂಗಪ್ಪ. ಆಗ ಮೇಲಿನಿಂದ ಯಾರೋ ಧಡಧಡನೆ ಇಳಿದು ಬಂದ ಸದ್ದಾಯಿತು. ಪಂಪೇಶ, ಕೈಯಲ್ಲಿ ಟಿಪ್ಪರಿನ ಹಾರೆ. “ಸರಿಯಪ್ಪಾ” ಎಂದು ಅಪ್ಪನನ್ನು ಮೇಲೆ ಹತ್ತಿಸಿ ತಾನು ಗುಂಡಿಗಿಳಿದ. ತಂಗಿಯ ಕಡೆ ನೋಡದೆ, “ನಡುವ ಹಾಕ್ಲೇನು?” ಎಂದು ಕೇಳಿದ. ಅವಳು ಹ್ಞೂಂ ಎಂದಳು. ಹಾರೆ ಎತ್ತಿ ಹಾಕಿದ. ಎತ್ತಿ ಹಾಕಿದ. ಮತ್ತೊಮ್ಮೆ ಹಾಕಿದಾಗ ಹಾರೆ ಅವನ ಕೈಯಿಂದ ಜಾರಿ ಅರ್ಧಕ್ಕರ್ಧ ಒಳಗೆ ಹೋಯಿತು, ತಳ ಸಿಗದೆ ಅಲ್ಲಾಡುತ್ತ ನಿಂತಿತು. ಪಂಪೇಶ ಅದನ್ನು ಕಿತ್ತು, ಮಣ್ಣು ತೋಡಿ, ಹೊಟ್ಟೆಯ ಮೇಲೆ ಮಲಗಿ ಭುಜದವರೆಗೆ ತೋಳು ಇಳಿಸಿದ. ಹಾಗೆಯೇ ಮಲಗಿದ್ದ. ಅವನ ಕೆನ್ನೆ ಕಲ್ಲಿಗೆ ಒತ್ತಿತ್ತು, ಕಣ್ಣು ತಂಗಿಯನ್ನು ಈಗ ನೋಡಿತು.

“ರಮಾ,” ಎಂದ, “ರಸ್ತೆ ಕಡಿಗೆ ತಿರುಗೈತಿ. ಕಲ್ಲಿನ ಕಾಲುವಿ. ತಂಪಗ ಐತಿ ಲೇ.”

ಆರು ವರ್ಷದಿಂದ ಅವನು ಲಾರಿ ಓಡಿಸುತ್ತಿದ್ದ ರಸ್ತೆ ಕೆರೆಯ ಏರಿ ಎನ್ನುವುದನ್ನು ಬೇರೆ ಯಾರೂ ಅವನಿಗೆ ಹೇಳಬೇಕಾಗಲಿಲ್ಲ. ತಹಶೀಲ್ದಾರರು ಬೂಟು ಬಿಚ್ಚಿ ತಾವೇ ಗುಂಡಿಗಿಳಿದು ನೋಡಿದರು, ತೊಲೆಯ ತೂತನ್ನೂ ಕೆಳಗಿನ ತೂತನ್ನೂ ದಾರದ ನೇರಕ್ಕೆ ನೋಡಿದರು. ಮೇಲೆ ಬಂದು ಗುಮಾಸ್ತನಿಗೆ, “ಪಾಳು ಅನ್ನೋದನ್ನ ಹೊಡೆದು ಹಾಕು. ಕೆರೆ ಅಂತ ಬರಿ. ಏರಿ, ತೂಬು, ಎಲ್ಲ ಬರಿ. ರಾಶಿ ಹಾಕೋ ಅರ್ಜಿ ಇಲ್ಲಿಗೆ ಮುಗೀತು” ಎಂದರು. ಮಹಜರಿಗೆ ಸಹಿ ಹಾಕುವವರಲ್ಲಿ ಮೊದಲ ಹೆಸರು ಅವಳದು. ಹೆಸರಿನ ಮುಂದೆ ವೃತ್ತಿ ಏನು ಬರೆಯಲಿ ಎಂದು ಗುಮಾಸ್ತ ಕೇಳಿದ. ಇತಿಹಾಸ ವಿದ್ಯಾರ್ಥಿ ಎಂದಳು, ಅಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ. ಶಂಭುಲಿಂಗಪ್ಪ ಜೀಪಿನ ಬಾಗಿಲು ತೆಗೆದವನು ಒಂದು ಗಳಿಗೆ ನಿಂತು, ಹಿಸ್ಟ್ರಿಯಲ್ಲಿ ಇದನ್ನೆಲ್ಲ ಕಲಿಸುತ್ತಾರೇನು ಎಂದು ನಿಜವಾಗಿಯೂ ತಿಳಿಯಲೆಂಬಂತೆ ಕೇಳಿದ. ಅವಳು ಹೌದು ಎಂದಳು. ಅವನು ತಲೆಯಾಡಿಸಿ ಹೋದ. ಪಂಪೇಶ ಮೈಗೆಲ್ಲ ಕಪ್ಪು ಮಣ್ಣು ಮೆತ್ತಿಕೊಂಡು ಕೂತಿದ್ದ. ಬಾಡಿಗೆ ಹೋಯಿತಲ್ಲ ಎಂದು ಅವಳು ಅವನ ಪಕ್ಕ ಕೂತಾಗ, “ಲಾರಿ ನನ್ನದು, ರೋಡ್ ಬ್ಯಾರೇನೂ ಅದಾವು. ಬಾವಿ ಎಲ್ಲಿಂದ ತರಲಿ?” ಎಂದು ಅವಳ ವೇಲಿನಲ್ಲಿ ಕೈ ಒರೆಸಿಕೊಂಡ. ಬಿಳಿ ವೇಲಿನ ಮೇಲೆ ಬೆಳಗಿನ ಕೆಂಪು, ಈಗಿನ ಕಪ್ಪು.

ಬಸಕ್ಕ ಮಾತ್ರ ಇನ್ನೂ ಗುಂಡಿಯ ಅಂಚಿನಲ್ಲಿ ನಿಂತಿದ್ದಳು. ರಮಾ ಹತ್ತಿರ ಹೋದಳು. ದೇವರಲ್ಲ ಎಂದು ಮತ್ತೆ ಹೇಳುವ ಧೈರ್ಯವಿರಲಿಲ್ಲ, ಹಾಗೆ ಹೇಳಬೇಕೆಂದೂ ಈಗ ಅನ್ನಿಸಲಿಲ್ಲ. ತಾಯಿಯ ಅತ್ತೆ, ಆ ಅತ್ತೆಯ ಅತ್ತೆ ಒಬ್ಬರ ಹಿಂದೆ ಒಬ್ಬರು ಇದೇ ತೂತಿನಲ್ಲಿ ಹಾಲು ಹುಯ್ಯದೆ ಬೇರೆ ಎಲ್ಲೋ ಹುಯ್ದಿದ್ದರೆ, ಈ ಕಂಬಗಳನ್ನು ಯಾರೋ ಎಂದೋ ಮನೆಯ ಹೊಸ್ತಿಲಿಗೆ ಎತ್ತಿಕೊಂಡು ಹೋಗಿರುತ್ತಿದ್ದರು. ತಾಯಿ ಕೆಳಗೆ ನೋಡುತ್ತ, “ಇಷ್ಟು ದಿನ ಮಣಕಾಲ ತನಾನ ನೋಡಿದ್ದಿವಿ,” ಎಂದಳು, “ಇವತ್ತ ಅಕ್ಕದೇರ ಪಾದ ಕಂಡ್ವು ನೋಡವ್ವ.” ಆಮೇಲೆ ಚೊಂಬು ಎತ್ತಿ ಮಗಳ ಕೈಗೆ ಕೊಟ್ಟಳು. ತಾನು ಯಾವತ್ತೂ ಹುಯ್ದವಳಲ್ಲ ಎಂದು ರಮಾ ಹಿಂಜರಿದಳು. “ಹುಯ್ಯಿ” ಎಂದಳು ತಾಯಿ. ರಮಾ ಪಕ್ಕದ ಕಲ್ಲಿನ ಮೇಲೆ ಹತ್ತಿ ನಿಂತಳು. ಅಲ್ಲಿಂದ ರಸ್ತೆ ಕಾಣುತ್ತಿತ್ತು, ಲಾರಿಗಳು ನಿಂತಿದ್ದವು, ಅದರಾಚೆ ಹೊಲ, ಬಾವಿಯ ಕಟ್ಟೆ, ಕೊಡ ಹಿಡಿದ ಹೆಂಗಸರು ಈ ಕಡೆಗೇ ನೋಡುತ್ತಿದ್ದರು. ಚೊಂಬು ಬಗ್ಗಿಸಿದಳು. ಹಾಲು ತೊಲೆಯ ತೂತಿನಲ್ಲಿ ಇಳಿದು, ಅಕ್ಕ ತಂಗಿಯರ ನಡುವೆ ಒಂದು ಬಿಳಿಯ ದಾರವಾಗಿ, ಗಾಳಿಯಿಲ್ಲದ ಆ ಮಧ್ಯಾಹ್ನದಲ್ಲಿ ಎಲ್ಲೂ ಬಾಗದೆ ನೆಟ್ಟಗೆ ಗುಂಡಿಯ ತಳಕ್ಕೆ ಬಿತ್ತು. ಚೊಂಬು ಬರಿದಾಗುವವರೆಗೂ ಅವಳು ಕಣ್ಣು ಕೀಳದೆ ನೋಡಿದಳು. ಈ ಸಲ ಹಾಲು ನೆಲದ ಮೇಲೆ ಹರಡಲಿಲ್ಲ. ಒಂದು ಹನಿಯೂ ಹೊರಗೆ ಉಳಿಯದೆ, ಏರಿಯ ಅಡಿಯ ಕತ್ತಲೆಯೊಳಗೆ, ಹೊಲಗಳ ದಿಕ್ಕಿಗೆ ಹೋಯಿತು.